ಗುಂಡಿ ಒತ್ತದ ಭಾವ

ನನ್ನ ಭಾವ ಒಂದು ಗುಂಡಿ ಒತ್ತಿಸುವುದಕ್ಕಾಗಿ ಮಣಿಪಾಲದಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಅದೇ ಕೆಲಸ ಮಾಡುವ ಇನ್ನೊಂದು ಗುಂಡಿ ಅವರ ಮೇಜಿನ ಮೇಲೆಯೇ, ಬಲಗೈಗೆ ಸಿಗುವ ಹಾಗೆ ಇತ್ತು. ಇಂಥವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿ ನಕ್ಕಿದ್ದೇನೆ. ನಕ್ಕದ್ದಷ್ಟೇ ಆಗಿದ್ದರೆ ಈ ವಯಸ್ಸಿನಲ್ಲಿ ಕುಳಿತು ಇದನ್ನು ಬರೆಯಬೇಕಾಗಿರಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಮಣಿಪಾಲದ ಒಂದು ಸಣ್ಣ ಕಂಪ್ಯೂಟರ್ ಕಚೇರಿಯಲ್ಲಿ ಯಂತ್ರದ ಉಸ್ತುವಾರಿ ಅವರದು. ಅಂಕಪಟ್ಟಿ, ಸದಸ್ಯರ ಪಟ್ಟಿ, ಹೀಗೆ ಪಟ್ಟಿ ಎಂದು ಕರೆಯಬಹುದಾದ ಎಲ್ಲವನ್ನೂ ಅಲ್ಲಿ ಅಚ್ಚು ಮಾಡಿಕೊಡುತ್ತಿದ್ದರು. ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತಿದ್ದ ನಾನು ಭಾವನ ಶಿಫಾರಸಿನಿಂದಲೇ ಕಾರ್ಕಳದ ಶಾಖೆ ಸೇರಿದೆ. ಶಾಖೆ ಎಂದರೆ ಒಂದು ಕೋಣೆ, ಒಂದು ಪರದೆ, ಒಂದು ಟೆಲಿಫೋನ್ ತಂತಿ ಮತ್ತು ನಾನು.

ಉಡುಪಿ, ಕಾಪುಗಳಲ್ಲೂ ಇಂಥದೇ ಒಂದೊಂದು ಶಾಖೆ ಇತ್ತು. ನಿಜವಾದ ಯಂತ್ರ ಇದ್ದದ್ದು ಮಣಿಪಾಲದಲ್ಲಿ ಒಂದೇ. ಆದರೆ ಅದು ಬಹಳ ಚೆನ್ನಾಗಿ ನಟಿಸುತ್ತಿತ್ತು. ಉಡುಪಿಯವನಿಗೆ ತಾನು ಉಡುಪಿಯ ಯಂತ್ರ, ಕಾಪುವಿನವಳಿಗೆ ಕಾಪುವಿನ ಯಂತ್ರ, ನನಗೆ ಕಾರ್ಕಳದ ಯಂತ್ರ. ಭಾವನೂ ಅದನ್ನು ಹಾಗೆಯೇ ನಂಬಿದ್ದರು. "ಇವತ್ತು ಕಾಪುವಿಗೆ ಸ್ವಲ್ಪ ಆಲಸ್ಯ ಉಂಟು" ಎನ್ನುತ್ತಿದ್ದರು, ಮನೆಯ ದನದ ಬಗ್ಗೆ ಹೇಳಿದ ಹಾಗೆ. ಕಷ್ಟ ಏನೆಂದರೆ ಈ ನಟನೆ ಏಕಕಾಲಕ್ಕೆ ಇಬ್ಬರಿಗೆ ಮಾತ್ರ ಸಾಧ್ಯ. ಒಬ್ಬರು ಕೆಲಸ ಮುಗಿಸಿ ಗುಂಡಿ ಒತ್ತಿ ಹೊರಬಂದರೆ ಮಾತ್ರ ಮೂರನೆಯವರಿಗೆ ಜಾಗ. ಒತ್ತದೆ ಎದ್ದು ಹೋದರೆ? ಅದಕ್ಕೆಂದೇ ಭಾವನ ಮೇಜಿನ ಮೇಲೆ ಆ ಗುಂಡಿ. ಅವರು ಅಲ್ಲಿಂದಲೇ ಯಾರನ್ನು ಬೇಕಾದರೂ ಹೊರಗೆ ಹಾಕಬಹುದಿತ್ತು.

ಅವರು ಹಾಕುತ್ತಿರಲಿಲ್ಲ.

"ಊಟಕ್ಕೆ ಕೂತವರನ್ನು ಎಬ್ಬಿಸುವುದು ಉಂಟಾ? ಅವರೇ ಏಳಬೇಕು" ಎನ್ನುತ್ತಿದ್ದರು.

"ಕಾಪುವಿನವಳು ಎದ್ದು ಹೋಗಿ ಒಂದು ಗಂಟೆ ಆಯಿತು ಮಾರಾಯ್ರೆ" ಎಂದು ಉಡುಪಿಯವನು ಫೋನಿನಲ್ಲಿ ಗೋಳಾಡುತ್ತಿದ್ದ.

"ಕೈ ತೊಳೆಯಲು ಹೋಗಿರಬಹುದು. ಎಲೆಯಲ್ಲಿ ಪಾಯಸ ಇರುವಾಗ ಎಳೆಯುವುದು ಹೇಗೆ?"

ಮೊದಲು ಅವರು ನಮ್ಮ ಪರದೆಗೆ ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದು ಕಳುಹಿಸುತ್ತಿದ್ದರು: "ಉಲ್ಲರಾ?" ಇದ್ದೀರಾ ಎಂದು. ಉತ್ತರ ಇಲ್ಲದಿದ್ದರೆ ಫೋನು. ಫೋನೂ ಎತ್ತದಿದ್ದರೆ ಚಪ್ಪಲಿ ಮೆಟ್ಟಿ ಬಸ್ಸು. ಒಮ್ಮೆ ಕಾಪುವಿನ ಹುಡುಗಿ ಅರ್ಧ ಟೈಪು ಮಾಡಿ ಅಕ್ಕನ ನಿಶ್ಚಿತಾರ್ಥಕ್ಕೆ ಓಡಿಬಿಟ್ಟಿದ್ದಳು. ಭಾವ ಎರಡು ಬಸ್ಸು ಬದಲಿಸಿ ಕಾಪುವಿಗೆ ಹೋದರು, ಮನೆ ಹುಡುಕಿದರು, ನೆಂಟರ ಜೊತೆ ಕುಳಿತು ಉಂಡರು, ಆಮೇಲೆ ಅವಳನ್ನು ಕರೆತಂದು ಅವಳ ಕೈಯಿಂದಲೇ ಗುಂಡಿ ಒತ್ತಿಸಿದರು. ಮೂರು ಗಂಟೆ ಕಾದು ಕುಳಿತ ಉಡುಪಿಯವನಿಗೆ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದರು. ಅವನು ಬೈಯಬೇಕೆಂದಿದ್ದವನು ಬಾಯಿ ತುಂಬಿದ್ದರಿಂದ ಸುಮ್ಮನಾದ.

ಇನ್ನು ನನ್ನ ವಿಷಯ. ಹೊರಬಂದರೆ ಮತ್ತೆ ಜಾಗಕ್ಕೆ ಕಾಯಬೇಕು. ಆದ್ದರಿಂದ ನಾನು ಬೆಳಿಗ್ಗೆ ಒಳಗೆ ಹೋದರೆ ಸಂಜೆಯವರೆಗೂ ಜಾಗ ಬಿಡುತ್ತಿರಲಿಲ್ಲ. ಮಧ್ಯದಲ್ಲಿ ಕ್ಷೌರ, ಚಹಾ, ಮನೆಯಲ್ಲಿ ಊಟ, ಊಟದ ಮೇಲೆ ಒಂದು ನಿದ್ದೆ. ಎರಡು ಸಲ ಭಾವ ಬಸ್ಸಿನಲ್ಲಿ ಬಂದು ನನ್ನನ್ನು ಚಾಪೆಯಿಂದ ಎಬ್ಬಿಸಿಕೊಂಡು ಹೋದರು. ವಯಸ್ಸಾದವರಿಗೆ ಬಸ್ಸಿನ ತೊಂದರೆ ತಪ್ಪಲಿ ಎಂದು ನಾನೊಂದು ಉಪಾಯ ಮಾಡಿದೆ. ಕಾರ್ಕಳದಲ್ಲಿ ಕಲ್ಲಿಗೆ ಬರವೇ? ಒಂದು ನುಣುಪಾದ ಕರಿಕಲ್ಲನ್ನು ತಂದು ಕೀಲಿಮಣೆಯ 'ಕೆ' ಅಕ್ಷರದ ಮೇಲಿಟ್ಟೆ. ಕಲ್ಲು ಒತ್ತುತ್ತಲೇ ಇತ್ತು, ಅಕ್ಷರ ಹೋಗುತ್ತಲೇ ಇತ್ತು. ಕಾರ್ಕಳ ಮನಸ್ಸಿಟ್ಟು ಕೆಲಸ ಮಾಡುತ್ತಿದೆ ಎಂದು ಭಾವ ಸಮಾಧಾನದಿಂದ ಇದ್ದರು.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ಗುಂಡಿ ಇರುವುದು ಒತ್ತುವುದಕ್ಕೆ ಎಂಬ ಮತದವರು. ಇನ್ನೊಮ್ಮೆ ಯಾರಾದರೂ ಸುಮ್ಮನೆ ಜಾಗ ಹಿಡಿದಿದ್ದು ಭಾವ ಅವರನ್ನು ಹೊರಗೆ ಹಾಕದಿದ್ದರೆ, ಯಂತ್ರದ ಕೋಣೆಯಿಂದ ತೆಗೆದು ಕಾಗದದ ಗೋದಾಮಿಗೆ ಹಾಕುವುದಾಗಿ ಹೇಳಿದರು. ಭಾವ ಅದಕ್ಕೂ ಬಸ್ಸು ಹತ್ತಿ ಬಂದರು. ಮಜ್ಜಿಗೆ ಕುಡಿದು, "ನನಗೆ ಆ ಕೋಣೆ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ ಮಾರಾಯ. ಸ್ವಲ್ಪ ದಿನ ಜಾಗ್ರತೆಯಲ್ಲಿರು" ಎಂದರು. ನಾನು ತಲೆ ಆಡಿಸಿದೆ.

ಎರಡು ವಾರದ ನಂತರ ಹೆಬ್ರಿಯಲ್ಲಿ ಗೆಳೆಯನ ಮದುವೆ. ಕಲ್ಲಿಟ್ಟು ಹೋದೆ.

ಅದೇ ದಿನ ಉಡುಪಿಯಲ್ಲಿ ಒಂದು ಶಾಲೆಯ ಫಲಿತಾಂಶದ ಪಟ್ಟಿ ತಯಾರಾಗಬೇಕಿತ್ತು. ಮಕ್ಕಳು ಶಾಲೆಯ ಜಗಲಿಯಲ್ಲಿ ಕಾಯುತ್ತಿದ್ದರು. ಕಾಪುವಿನವಳು ನಿಜವಾಗಿಯೂ ಕೆಲಸದಲ್ಲಿದ್ದಳು. ಮ್ಯಾನೇಜರು ಭಾವನ ಬೆನ್ನ ಹಿಂದೆ ಬಂದು ನಿಂತರು. ಮುಂದೆ ನಡೆದದ್ದನ್ನು ಕಚೇರಿಯವರು ನನಗೆ ಹಲವು ಸಲ ನಟಿಸಿ ತೋರಿಸಿದ್ದಾರೆ.

"ಕಾರ್ಕಳವನ್ನು ತೆಗೆಯಿರಿ."

"ಕೆಲಸ ಮಾಡುತ್ತಿದ್ದಾನೆ ಸಾರ್. ನೋಡಿ, ಅಕ್ಷರ ಬರ್ತಾ ಉಂಟು."

"ಎರಡು ಗಂಟೆಯಿಂದ ಒಂದೇ ಅಕ್ಷರ ಬರ್ತಾ ಉಂಟು. ಅದು ಎಂತ ಕೆಲಸ?"

ಭಾವ ಸ್ವಲ್ಪ ಹೊತ್ತು ಪರದೆ ನೋಡಿ, "ಆಲೋಚನೆ ಮಾಡುತ್ತಿರಬೇಕು" ಎಂದರಂತೆ.

ಮ್ಯಾನೇಜರು ಬಗ್ಗಿ ತಾವೇ ಗುಂಡಿ ಒತ್ತಿದರು. ಮರುದಿನ ಭಾವ ಗೋದಾಮಿಗೆ ಹೋದರು. ಮ್ಯಾನೇಜರು ನನ್ನನ್ನು ಕೇಳಿದಾಗ, ಕೀಲಿ ಸಿಕ್ಕಿಹಾಕಿಕೊಂಡಿತ್ತು, ನಾನು ಸರಿಪಡಿಸುತ್ತಿದ್ದೆ ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಯಂತ್ರದ ಬಗ್ಗೆ ತಿಳಿದವನೆಂದು ಮೆಚ್ಚಿ ಭಾವನ ಕುರ್ಚಿಗೆ ನನ್ನನ್ನೇ ಕರೆಸಿಕೊಂಡರು. ನಾನು ಬೇಡವೆನ್ನಲಿಲ್ಲ.

ಕೆಲಸ ವಹಿಸಿಕೊಡಲು ಭಾವ ಗೋದಾಮಿನಿಂದ ಬಂದರು, ಅಂಗಿಯ ಮೇಲೆಲ್ಲ ಕಾಗದದ ಧೂಳು. ತಂತಿ, ಸ್ವಿಚ್ಚು ಎಲ್ಲ ತೋರಿಸಿದ ಮೇಲೆ ಹೇಳಿದರು: "ಉಡುಪಿಯವನಿಗೆ ಬೆರಳು ನಡುಗುವ ಕಾಯಿಲೆ ಉಂಟು, ಯಾರಿಗೂ ಹೇಳಿಲ್ಲ. ಅವನದ್ದು ನಿಧಾನವಾದರೆ ಕಾಯಬೇಕು. ಕಾಪುವಿನವಳ ತಾಯಿ ಹಾಸಿಗೆ ಹಿಡಿದಿದ್ದಾರೆ. ಹನ್ನೊಂದಕ್ಕೆ ಮದ್ದು ಕೊಡಲು ಮನೆಗೆ ಓಡುತ್ತಾಳೆ, ಕಾಲು ಗಂಟೆ ಬಿಡು."

"ಕಾರ್ಕಳದವನು?" ಎಂದೆ. ಏಕೆ ಕೇಳಿದೆನೋ ಗೊತ್ತಿಲ್ಲ.

"ಅವನಿಗೆ ಸಣ್ಣ ಮಗು ಉಂಟಲ್ಲ. ರಾತ್ರಿಯೆಲ್ಲ ಎತ್ತಿಕೊಂಡು ತಿರುಗುತ್ತಾನೆ, ಪಾಪ. ಹಗಲು ನಿದ್ದೆ ಬರುವುದೇ."

ಮುಖದಲ್ಲಿ ಕುಹಕ ಇರಲಿಲ್ಲ. ಹೇಳಿ, ಧೂಳು ಕೊಡವಿಕೊಂಡು ಗೋದಾಮಿಗೆ ಹೋದರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ: "ನಾನು ಮಗುವನ್ನು ನೋಡಿಕೊಳ್ಳುತ್ತೇನೆಂದು ಅಣ್ಣನಿಗೆ ಹೇಳಿದೆಯಾ?"

"ನೀವಾ?" ಎಂದು ಅವಳು ನಕ್ಕಳು. "ಅಣ್ಣ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ."

ಅಂದರೆ ನನಗಾಗಿ ಒಂದು ಕಾರಣವನ್ನು ಅವರೇ ಹುಡುಕಿ ಇಟ್ಟುಕೊಂಡಿದ್ದರು. ನಾನು ಎದ್ದು ಅವಳ ತೋಳಿನಿಂದ ಮಗುವನ್ನು ತೆಗೆದುಕೊಂಡೆ. ಹೇಗೆ ಹಿಡಿಯಬೇಕೆಂದೇ ಗೊತ್ತಿರಲಿಲ್ಲ, ಅವಳು ತೋರಿಸಿಕೊಟ್ಟಳು. ಆ ಮಗು ನಡೆಯಲು ಕಲಿಯುವವರೆಗೂ ಹೆಗಲ ಮೇಲೆ ಮಲಗಿಸಿಕೊಂಡು ಅಂಗಳದಲ್ಲಿ ತಿರುಗಿದವನು ನಾನೇ. ಭಾವನ ಮಾತು ಸುಳ್ಳಾಗಬಾರದಲ್ಲ.