ಜಾರಿದ ಕಾಲು, ಜಾರದ ನಾಲಿಗೆ ಮತ್ತು ತಮ್ಮ ಪ್ರಶ್ನೆಗಳು

ಹೆದ್ದಾರಿಯ ಫಲಕದಲ್ಲಿ ಮನೆಯಷ್ಟೆತ್ತರ ನಿಂತು, ಕೈಕಟ್ಟಿಕೊಂಡು, "ಪೆಟ್ಟಾಯಿತೇ? ನಮಗೆ ಹೇಳಿ!" ಎಂದು ಲಾಫಯೆಟ್ ಊರಿನ ಸಮಸ್ತ ವಾಹನಸವಾರರ ಯೋಗಕ್ಷೇಮ ವಿಚಾರಿಸುತ್ತಿರುವ ವಕೀಲ ಮಹಾಶಯರ ಸನ್ನಿಧಿಗೆ, ನಿವೃತ್ತ ಹೈಸ್ಕೂಲು ಮೇಷ್ಟ್ರು ಕ್ಲೀವನ್ ಗಿಡ್ರಿಯು ಸರಿಯಿರುವ ಒಂದೇ ಮಂಡಿಯನ್ನೂರಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೇ ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು, ಲೆಟಿಸ್ ಸೊಪ್ಪು ತರುತ್ತೇನೆಂದು ಹೆಂಡತಿ ಅರ್ಲೀನಳಿಗೆ ಹೇಳಿ ಹೊರಟವನು, ಪೆಟ್ರೋಲ್ ಬಂಕಿನ ಅಂಗಡಿಗೆ ನುಗ್ಗಿ, ಬಿಸಿಬಿಸಿ ಬೂಡ್ಯಾನ್ ಕೊಂಡು, ಮೆಟ್ಟಿಲ ಮೇಲೆಯೇ ನಿಂತು ತಿಂದೆ. ಅನ್ನ, ಹಂದಿಮಾಂಸ, ಖಾರ ಕಲಸಿ ಕರುಳಿನ ತೊಗಲಿಗೆ ತುಂಬಿದ ಈ ಪದಾರ್ಥವನ್ನು ಮನೆತನಕ ಒಯ್ದ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಹಾಗೆ ಮುಂದಿನ ಹಲ್ಲೊಂದು ಇಲ್ಲದಿದ್ದರೂ ತುದಿ ಕಚ್ಚಿ, ಒಳಗಿನದನ್ನು ಬಾಯಿಗೆ ಹಿಂಡಿಕೊಂಡು, ತೊಗಲು ಬಿಸುಟು, ಮೀಸೆ ಒರೆಸಿ, ಮನೆಗೆ ಹೋಗಿ "ಯಾಕೋ ಹಸಿವೇ ಇಲ್ಲ" ಎನ್ನುವುದು ಹಿರಿಯರಿಂದ ಬಂದ ಸಂಪ್ರದಾಯ. ನನ್ನ ರಕ್ತದೊತ್ತಡ ನೋಡಿದ ಡಾಕ್ಟರು ಬೂಡ್ಯಾನನ್ನು ನಿಷೇಧಿಸಿದ್ದರು. ನಿಷೇಧವನ್ನು ಜಾರಿ ಮಾಡಿದವಳು ಅರ್ಲೀನ್, ಜಾರಿಬಿದ್ದವನು ನಾನು.

ಹೌದು, ಆ ಮೆಟ್ಟಿಲ ಮೇಲೆಯೇ ಏನೋ ಜಿಡ್ಡು ತುಳಿದು ಅಂಗಾತ ಬಿದ್ದೆ. ಜನ ಓಡಿಬಂದು "ಮಿಸ್ಟರ್ ಕ್ಲೀವನ್, ಹೇಗಿದ್ದೀರಿ?" ಎಂದರು. ನಮ್ಮೂರ ಮರ್ಯಾದೆ ಬಿಡಲಾಗುತ್ತದೆಯೇ? ಆಕಾಶ ನೋಡುತ್ತಲೇ, "ಚೆನ್ನಾಗಿದ್ದೀನಪ್ಪ, ನಿಮ್ಮ ಮನೇಲೆಲ್ಲ ಹೇಗಿದ್ದಾರೆ?" ಎಂದೆ.

ಮಂಡಿ ಕುಂಬಳಕಾಯಿಯಾಯಿತು. ಅದರ ಚಿಕಿತ್ಸೆಯ ಖರ್ಚನ್ನು ಅಂಗಡಿಯವರಿಂದ ಕೊಡಿಸುವಿರೆಂಬ ಆಸೆಯಿಂದ ತಮ್ಮ ಕಚೇರಿಗೆ ಫೋನು ಮಾಡಿದೆ. ಪ್ರಶ್ನೆ ಕೇಳುವ ಕೆಲಸಕ್ಕೆಂದೇ ತಾವು ನೇಮಿಸಿರುವ ಮಿಸ್ ರೋನೆಟ್ ಎತ್ತಿಕೊಂಡರು. ವಕೀಲರ ಹೆಸರಿನಲ್ಲೇ ಕೀಲು ಏಕಿದೆಯೆಂಬುದು ಆ ದಿನ ನನಗೆ ಅರ್ಥವಾಯಿತು; ಆ ತಾಯಿ ನನ್ನ ಒಂದೊಂದು ಕೀಲನ್ನೂ ಬಿಚ್ಚಿ ನೋಡಿದರು. ಎಡಗಾಲು ಮೊದಲೋ ಬಲಗಾಲು ಮೊದಲೋ? ಕಣ್ಣು ಎತ್ತ ಇತ್ತು? ಕೈಯಲ್ಲೇನಿತ್ತು? (ಸೊಪ್ಪು ಎಂದೆ.) ಚಿಕ್ಕಂದಿನಲ್ಲಿ ಮರದಿಂದ ಬಿದ್ದದ್ದುಂಟೇ? ಪಾಪನಿವೇದನೆಗೆ ಹೋದರೆ ನಮ್ಮ ಪಾದ್ರಿಗಳು ಪಾಪವನ್ನಷ್ಟೇ ಕೇಳಿ ಬಿಟ್ಟುಬಿಡುತ್ತಾರೆ. ಪಾಪ ಮಾಡುವಾಗ ಬೂಟಿನ ಅಟ್ಟೆ ಸವೆದಿತ್ತೇ ಎಂದು ಕೇಳಿದವರಲ್ಲ. ಮುಂದಿನ ಉಪವಾಸದ ದಿನಗಳಲ್ಲಿ ಮಿಸ್ ರೋನೆಟ್ ಅವರನ್ನು ನಮ್ಮ ಇಗರ್ಜಿಗೆ ಕಡವಾಗಿ ಕೊಟ್ಟರೆ, ಊರಿಗೆ ಊರೇ ಉದ್ಧಾರವಾದೀತು.

"ಬಿದ್ದ ಮೇಲೆ ಏನಂದ್ರಿ?"

"ಚೆನ್ನಾಗಿದ್ದೀನಿ ಅಂದೆ."

"ಅಯ್ಯೋ, ಎಂಥ ಕೆಲಸ ಮಾಡಿದ್ರಿ ಮಿಸ್ಟರ್ ಕ್ಲೀವನ್! ಅಂಗಡಿಯ ವಿಮೆಯವ್ರು ಅದೊಂದೇ ಮಾತು ಹಿಡ್ಕೊಂಡು ಕೇಸು ಮುಗಿಸ್ತಾರೆ."

ಮೂವತ್ತು ವರ್ಷ ಕಾಗುಣಿತ ತಿದ್ದಿದ ಕೈ ನನ್ನದು. "ಇಲ್ಲಮ್ಮ, 'ಚೆನ್ನಾಗಿ ಬಿದ್ದೀನಿ' ಅಂತಲೇ ಅಂದಿದ್ದು. ನಡುವಿನ ಒಂದಕ್ಷರ ಅವ್ರಿಗೆ ಕೇಳಿಸಿಲ್ಲ ಅಷ್ಟೆ" ಎಂದೆ. ಆಕೆ ನಗಲಿಲ್ಲ. ಬರೆದುಕೊಂಡರು.

ಆಮೇಲೆ ಬಂತು ಆ ಪ್ರಶ್ನೆ: "ಮುಂಚೆ ಮಾಡ್ತಿದ್ದು, ಈಗ ಮಾಡಕ್ಕಾಗದೆ ಇರೋದು ಏನೇನು?" ಮಾನ್ಯರೇ, ಇಂಥ ಪ್ರಶ್ನೆಯನ್ನು ಗಂಡಸರಿಗೆ ಹಾಕಬಾರದು. ದಿನಾ ಪಾತ್ರೆ ತೊಳೆಯುತ್ತಿದ್ದೆ ಎಂದೆ. ಹುಲ್ಲು ಕತ್ತರಿಸುತ್ತಿದ್ದೆ ಎಂದೆ. ಶನಿವಾರ ತಪ್ಪದೆ ಹೆಂಡತಿಯ ಕೈಹಿಡಿದು ಅಕಾರ್ಡಿಯನ್ ತಾಳಕ್ಕೆ ಕುಣಿಯುತ್ತಿದ್ದೆ ಎಂದೆ. ನಾನು ಇಷ್ಟು ಒಳ್ಳೆಯ ಗಂಡನಾಗಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಅಂಥವನನ್ನು ಕಳೆದುಕೊಂಡ ದುಃಖಕ್ಕೆ ನಿಜವಾಗಿಯೂ ಕಣ್ಣು ಒದ್ದೆಯಾಯಿತು. ಕೊನೆಗೆ ಆಕೆ, "ಬಿದ್ದಾಗ ಹಾಕಿದ್ದ ಬೂಟು ತೊಳೀಬೇಡಿ, ಹಾಗೇ ಚೀಲದಲ್ಲಿ ಕಟ್ಟಿಡಿ, ಅದು ಸಾಕ್ಷಿ" ಎಂದರು. ಕಟ್ಟಿಟ್ಟೆ. ಕಾಲು ಜಾರಿತೇ ಹೊರತು ನಾಲಿಗೆ ಜಾರಲಿಲ್ಲವೆಂದು ಬೀಗುತ್ತಾ ಮಲಗಿದೆ.

ಆದರೆ ಗಂಡನಿಗೆ ಪೆಟ್ಟಾದರೆ ಹೆಂಡತಿಗೂ ನಷ್ಟವಾಯಿತೆಂದು ಲೆಕ್ಕ ಹಿಡಿದು, ಅವಳಿಗೂ ಫೋನು ಮಾಡುವ ಕ್ರಮ ತಮ್ಮಲ್ಲಿದೆಯೆಂದು ಫಲಕದಲ್ಲಿ ಏಕೆ ಬರೆಸಿಲ್ಲ? ಅರ್ಲೀನ್ ಸಿಗಡಿ ಸುಲಿಯುತ್ತಿದ್ದಳು. ಕೈ ಒದ್ದೆಯೆಂದು ಫೋನನ್ನು ಸ್ಪೀಕರಿಗೆ ಹಾಕಿದಳು.

"ನಿಮ್ಮ ಯಜಮಾನ್ರು ದಿನಾ ಪಾತ್ರೆ ತೊಳೀತಿದ್ರಂತಲ್ಲಮ್ಮ?"

"ಯಾರ ಮನೇಲಿ?"

"ಶನಿವಾರ ಶನಿವಾರ ಡ್ಯಾನ್ಸು?"

"ನಮ್ಮ ಮದುವೇಲಿ ಒಂದ್ಸಲ ಕುಣಿದ್ರು, ಅದೂ ನನ್ನ ಕಾಲ್ಮೇಲೆ. ಆ ಬೆರಳು ಇವತ್ತಿಗೂ ಸೊಟ್ಟ. ಅದಕ್ಕೇನಾದ್ರೂ ಕೇಸು ಹಾಕ್ಬೋದಾ?"

"ಯಾವ ಬೆರಳಮ್ಮ?" ಎಂದರು ತಮ್ಮ ಮಿಸ್ ರೋನೆಟ್, ಉಸಿರು ಬಿಗಿಹಿಡಿದು.

ಅಂದಿನಿಂದ ಮನೆಯಲ್ಲಿ ನನ್ನ ಸ್ಥಾನ ಹೋಗಿದೆ. "ನೀವು ಬರೆಸಿದ್ದೀರಲ್ಲ, ಪಾತ್ರೆ ತೊಳೆಯೋ ಆ ಕ್ಲೀವನ್, ಅವನನ್ನ ಕರ್ಕೊಂಡು ಬನ್ನಿ. ನೀವು ಎಲ್ಲಾದ್ರೂ ಇರಿ" ಎನ್ನುತ್ತಾಳೆ. ಸಿಟ್ಟಿನಿಂದ ಅಂದಿದ್ದರೆ ಸಹಿಸಬಹುದಿತ್ತು; ಅವಳು ಸ್ವಲ್ಪ ಆಸೆಯಿಂದಲೇ ಕೇಳುತ್ತಿದ್ದಾಳೆ. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ತಮ್ಮ ಕಡತದಲ್ಲಿರುವ ಆ ಸದ್ಗೃಹಸ್ಥನನ್ನು ದಯವಿಟ್ಟು ನಮ್ಮ ಮನೆಗೆ ಕಳಿಸಿಕೊಡಿ. ಪ್ರತಿದಿನ ಆಗದಿದ್ದರೆ ಶನಿವಾರಕ್ಕಾದರೂ ಸಾಕು. ಅವನಿಗೆ ಪಾಪ ಮಂಡಿನೋವೂ ಇರಲಾರದು.

ಇಂತು,
ತಮ್ಮ ವಿಶ್ವಾಸಿ, ವಿಮೆಯವರಿಗೆ ಅವಿಶ್ವಾಸಿ,
ಕ್ಲೀವನ್ ಗಿಡ್ರಿ

ತಾ.ಕ.: ಮನುಷ್ಯನ ಬಾಯಿಂದ ಕೇಳಿದ್ದು ಸಾಲದೆಂದು ಬೂಟಿನಿಂದಲೂ ಸಾಕ್ಷಿ ಹೇಳಿಸುವ ತಮ್ಮ ವಿದ್ಯೆ ದೊಡ್ಡದು. ಭಾನುವಾರ ವಾಸನೆಯ ಜಾಡು ಹಿಡಿದು ಹೋದ ಅರ್ಲೀನ್, ತಮ್ಮ ಅಪ್ಪಣೆಯಂತೆ ಕಟ್ಟಿಟ್ಟಿದ್ದ ಚೀಲ ಬಿಚ್ಚಿದಳು. ಬಲಗಾಲಿನ ಅಟ್ಟೆಗೆ ಬೂಡ್ಯಾನಿನ ತೊಗಲು ಅಂಟಿತ್ತು. ತುದಿಯಲ್ಲಿ ಹಲ್ಲಿನ ಗುರುತು. ಸಾಲಿನ ನಡುವೆ ಒಂದು ಹಲ್ಲಿನಷ್ಟು ಖಾಲಿ ಜಾಗ. ಅವಳು ಅದನ್ನು ಬೆಳಕಿಗೆ ಹಿಡಿದು, ಆಮೇಲೆ ನನ್ನ ಬಾಯಿಯತ್ತ ನೋಡಿ, "ಲೆಟಿಸ್ ಚೆನ್ನಾಗಿತ್ತಾ?" ಎಂದಳು. ಮಾನ್ಯರೇ, ಅಂಗಡಿಯವರ ಮೆಟ್ಟಿಲು ಕನ್ನಡಿಯಂತೆ ಸ್ವಚ್ಛವಾಗಿತ್ತು. ನನ್ನ ಕಾಲು ಜಾರಿದ್ದು ನನ್ನ ನಾಲಿಗೆಯ ಚಪಲದ ಮೇಲೆಯೇ.