ನಾಗಲಿಂಗದ ಗಂಡಿನ ಕಡೆಯವರು

ಗಜೇಂದ್ರಗಡದ ನಮ್ಮ ಕಾಕಾ ಸೀರೆ ನೇಯುವವರು ಅಂತ ಊರೆಲ್ಲ ನಂಬಿದೆ. ಶುದ್ಧ ಸುಳ್ಳು! ಅವರು ಜೇನುಹುಳದ ಕೆಲಸಕ್ಕೆ ಸೇರಿ ಆಗಲೇ ನಾಲ್ಕು ವರ್ಷ. ಮಗ್ಗಕ್ಕೆ ಅಮಾವಾಸ್ಯೆಯ ರಜೆಯಾದರೂ ಉಂಟು, ಈ ಕೆಲಸಕ್ಕೆ ಅದೂ ಇಲ್ಲ.

ಅವರ ಹಿತ್ತಲಿನ ನಾಗಲಿಂಗ ಮರ ಕಾಂಡದ ತುಂಬ ಹೂ ಬಿಡುತ್ತದೆ. ಕಾಯಿ ಮಾತ್ರ ಒಂದೂ ಕಚ್ಚುತ್ತಿರಲಿಲ್ಲ. ಓಣಿಯವರದು ಒಂದೇ ರಾಗ: "ಬಂಜಿ ಗಿಡ ಐತ್ರಿ, ಕಡಸ್ರಿ!" ಮಕ್ಕಳಿಲ್ಲದ ಕಾಕು ಆ ಮಾತು ಕಿವಿಗೆ ಬಿದ್ದೊಡನೆ ಎದ್ದು ಒಳಗೆ ಹೋಗುತ್ತಿದ್ದರು. ಕಾಕಾ ಹಟ ಹಿಡಿದರು, ಕಾಯಿ ಬಿಡಿಸಿಯೇ ಸಿದ್ಧ!

ಈ ಹೂವೋ, ನಸುಕಿನಲ್ಲಿ ಅರಳಿ ಸಂಜೆಗೆಲ್ಲ ಬಾಡುವಂಥದ್ದು. ಹಾಗಾಗಿ ಕಾಕಾ ಕೋಳಿಗಿಂತ ಮೊದಲೇ ಎದ್ದು, ಏಣಿ ಹತ್ತಿ, ಬ್ರಷ್ಷಿನಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರುತ್ತಿದ್ದರು. ಯಾವ ಪರಾಗ? ಹೂವಿನ ಮೇಲೆ ನಾಗರದಂತೆ ಬಾಗಿದ ಹೆಡೆಯೊಳಗಿನದು! ಅಲ್ಲಿನ ಎಳೆಗಳು ಉದ್ದ, ಬಣ್ಣವೂ ಭರ್ಜರಿ. ನಡುವಿನ ಲಿಂಗದ ಸುತ್ತ ಇರುವ ಗಿಡ್ಡ ಎಳೆಗಳೆಂದರೆ ತಾತ್ಸಾರ. "ಅದು ತುಂಡು ನೂಲು ತಮ್ಮಾ, ಯಾವ ಕೆಲಸಕ್ಕೂ ಬರಂಗಿಲ್ಲ." ನೇಕಾರನ ಕಣ್ಣು ಇನ್ನೇನು ನೋಡೀತು? ಮೂರು ವರ್ಷ ಹೀಗೇ ದಂಡವಾಯಿತು.

ತಪ್ಪು ಹಿಡಿದವರು ಕಾಕು. ಹಿತ್ತಲ ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದವರು ಒಂದು ಮುಂಜಾನೆ ಅಂದರು, "ಏನ್ರಿ, ಹುಳಾ ಹೆಡಿ ಒಳಗ ಬರೇ ತಿನ್ನಾಕ ಹೋಗತಾವು. ತಿನ್ನೂಮುಂದ ಬೆನ್ನಿಗಿ ಹತ್ತತೈತಲ್ಲ ಆ ಗಿಡ್ಡ ಎಳೀದು, ಅದ ಖರೇ ಪುಡಿ. ಮೂರ ವರ್ಷ ಹೂವಿಗಿ ಹುಳದ ಬುತ್ತಿ ಬಡಿಸೀರಿ!"

ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಕಾಕಾ ಹೇಗಾದಾರು? "ಒಂದ ಗಿಡದ ಹೂವು ಅಣ್ಣ-ತಂಗಿ ಇದ್ದಂಗ. ಬ್ಯಾರೆ ಊರಿನ ಸಂಬಂಧನ ಬೇಕು" ಎಂದು ನನ್ನನ್ನೂ ಕರೆದುಕೊಂಡು ನರಗುಂದಕ್ಕೆ ಹೊರಟರು. ಗೆಳೆಯರ ಮನೆಯಲ್ಲಿ ವಸ್ತಿ. ಮರುದಿನ ನಸುಕಿಗೆ ಅವರ ಮರದ ಹೂ ಕಿತ್ತು, ಊಟದ ಡಬ್ಬಿಯಲ್ಲಿಟ್ಟು, ಮೊದಲ ಬಸ್ಸು ಹತ್ತಿದೆವು. ತೊಡೆಯ ಮೇಲೆ ಎಳೆಗೂಸಿನಂತೆ ಹಿಡಿದ ಡಬ್ಬಿ ನೋಡಿ ಕಂಡಕ್ಟರ್ ಕೇಳಿದ, "ಏನೈತ್ರಿ ಯಜಮಾನ್ರ ಅದರಾಗ?"

"ಗಂಡಿನ ಕಡ್ಯಾವ್ರು."

"ಹಂಗಾರ ಅವರದೂ ಟಿಕೆಟ್ ತಗೋರಿ!"

ಇಡೀ ಬಸ್ಸು ನಕ್ಕಿತು. ನಾನು ರೋಣ ದಾಟುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸಂಬಂಧ ಕೂಡಿತು! ಈಗ ಕಾಂಡದ ಮೇಲೆ ನಿಂಬೆ ಗಾತ್ರದ ಒಂದೇ ಒಂದು ಕಾಯಿ. ಮೊನ್ನೆ ಹೋದಾಗ ಕಾಕಾ ಏಣಿಯ ಮೇಲೆ ನಿಂತು ಅದಕ್ಕೆ ಬಟ್ಟೆಯ ಆಸರೆ ಕಟ್ಟುತ್ತಿದ್ದರು. ಕೆಳಗೆ ಏಣಿ ಹಿಡಿದಿದ್ದ ಕಾಕು ಮೆಲ್ಲಗೆ ಕೇಳಿದರು, "ಇದು ಉದರಿದ್ರ, ಗಿಡಾ ಕಡಸ್ತೀರೇನ್ರಿ?"

ಕಾಕಾ ಕೈಯಲ್ಲಿನ ಗಂಟನ್ನು ಅರ್ಧಕ್ಕೇ ಬಿಟ್ಟು ಇಳಿದು ಬಂದರು.

"ಹುಚ್ಚಿ, ಮದಿವ್ಯಾಗಿ ಮೂವತ್ತು ವರ್ಷ ಆತು. ನಿನ್ನ ಬಿಟ್ಟೇನೇನು?"