ಹೆಸರು ತೊಳೆದ ತಟ್ಟೆ

ಆ ಶನಿವಾರ ಬೆಳಿಗ್ಗೆ ಅರ್ಲೀನ್ ದೊಡ್ಡಮ್ಮನಿಗೆ ಸ್ನಾನ ಮಾಡಬೇಕೆನಿಸಿದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಜುಲೈ ತಿಂಗಳು, ಬ್ರಾಂಕ್ಸಿನ ಐದನೇ ಮಹಡಿ, ಮೂರು ದಿನದಿಂದ ಎಲೆ ಅಲ್ಲಾಡಿಲ್ಲ. ಸ್ನಾನ ಮಾಡಬೇಕೆನಿಸಿದ್ದು ಆಕೆಯ ತಪ್ಪಲ್ಲ. ಆದರೆ ತೊಟ್ಟಿಯಲ್ಲಿ ಆಗಲೇ ಎರಡು ರೆಕಾರ್ಡುಗಳು ಆರಾಮವಾಗಿ ಮಲಗಿ ಸ್ನಾನ ಮಾಡುತ್ತಿದ್ದವು.

“ಲೋ ಲೂಷಿಯಸ್! ಮನುಷ್ಯರು ಮೈ ತೊಳ್ಕೊಳ್ಳೋ ಮನೇನೋ ಇದು, ಇಲ್ಲಾ ತಟ್ಟೆ ತೊಳೆಯೋ ಹೋಟ್ಲೋ?”

“ಹತ್ತೇ ನಿಮಿಷ ದೊಡ್ಡಮ್ಮ! ಲೇಬಲ್ ಇನ್ನೂ ಪೂರ್ತಿ ಬಿಟ್ಕೊಂಡಿಲ್ಲ.”

ಲೂಷಿಯಸ್ ಪೆಟ್ವೇಗೆ ಇಪ್ಪತ್ತೇಳು ವರ್ಷ. ಹಾಸಿಗೆ ಕಾರ್ಖಾನೆ ಮುಚ್ಚಿದ ಮೇಲೆ ಅವನು ತನಗೆ ತಾನೇ ‘ಲಾರ್ಡ್ ಥಂಡರ್’ ಎಂಬ ಬಿರುದು ಕೊಟ್ಟುಕೊಂಡು, ಪಾರ್ಕಿನಲ್ಲಿ ರೆಕಾರ್ಡು ಹಾಕಿ ಜನರನ್ನು ಕುಣಿಸುವ ಘನಕಾರ್ಯಕ್ಕೆ ಇಳಿದಿದ್ದ. ಅಲ್ಲಿ ಹಾಡನ್ನು ಪೂರ್ತಿ ಹಾಕುವವನನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಹಳೆಯ ಫಂಕ್ ಹಾಡುಗಳಲ್ಲಿ, ಸೋಲ್ ಹಾಡುಗಳಲ್ಲಿ ಎಲ್ಲೋ ಒಂದು ಕಡೆ ಹಾಡುವವನು ಬಾಯಿ ಮುಚ್ಚುತ್ತಾನೆ, ತುತ್ತೂರಿಯವರು ಉಸಿರು ತೆಗೆದುಕೊಳ್ಳುತ್ತಾರೆ, ಡ್ರಮ್ಮಿನವನೊಬ್ಬನೇ ಹತ್ತು ಸೆಕೆಂಡು ಬಾರಿಸುತ್ತಾನೆ. ಜನ ಹುಚ್ಚೆದ್ದು ಕುಣಿಯುವುದು ಅಲ್ಲೇ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ತುಂಡು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರುಮಾಡಿದರೆ ಹತ್ತು ಸೆಕೆಂಡನ್ನು ಹತ್ತು ನಿಮಿಷಕ್ಕೆ ಎಳೆಯಬಹುದು.

ಹಾಗಾಗಿ ಯಾರ ಬಳಿ ಯಾವ ರೆಕಾರ್ಡಿದೆ ಎನ್ನುವುದೇ ಅಲ್ಲಿ ಎಲ್ಲರ ಮಾನ ಮರ್ಯಾದೆ. ಎದುರಾಳಿಗಳು ಕುಣಿಯುವ ನೆವದಲ್ಲಿ ಹತ್ತಿರ ಬಂದು, ತಿರುಗುವ ತಟ್ಟೆಯ ಮೇಲೆ ಹೆಸರು ಓದಿಕೊಂಡು ಹೋಗುತ್ತಿದ್ದರು. ಅದಕ್ಕೇ ಬುದ್ಧಿವಂತರೆಲ್ಲ ರೆಕಾರ್ಡನ್ನು ನೀರಿನಲ್ಲಿ ನೆನೆಸಿ ಲೇಬಲ್ ಕಿತ್ತು ಹಾಕುತ್ತಿದ್ದರು. ಲೂಷಿಯಸ್ ಎಲ್ಲರಿಗಿಂತ ಒಂದು ಕೈ ಮುಂದೆ. ಚರ್ಚಿನ ನೆಲಮಾಳಿಗೆಯ ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕ ಈ ಜೋಡಿಯ ಹೆಸರನ್ನು ಅವನು ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ, ಕೊನೆಗೆ ನೆನಪಿನಲ್ಲೂ ಇಟ್ಟುಕೊಂಡಿರಲಿಲ್ಲ. ಗುಟ್ಟು ಕಾಯುವುದೆಂದರೆ ಹಾಗೆ ಕಾಯಬೇಕು.

“ಇವತ್ತು ಸಾಯಂಕಾಲ ಪಾರ್ಕಿನ ಪಂದ್ಯದಲ್ಲಿ ನೀನು ಗೆದ್ರೆ, ಆ ಪೆಟ್ಟಿಗೆಗಳು ನನ್ನ ನಡುಮನೇಲಿ ಇರ್ಲಿ,” ಎಂದು ದೊಡ್ಡಮ್ಮ ಟವೆಲ್ ಹೆಗಲಿಗೆ ಹಾಕಿಕೊಂಡು ಹೇಳಿದಳು. ಪೆಟ್ಟಿಗೆಗಳೆಂದರೆ ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳು. ಅವು ಬಂದಾಗಿನಿಂದ ಆಕೆ ಸೋಫಾಕ್ಕೆ ಅಡ್ಡಡ್ಡ ನಡೆದು ಹೋಗಬೇಕಾಗಿತ್ತು. “ಸೋತ್ರೆ ಸೋಮವಾರದ ಬಸ್ಸು. ಸೌತ್ ಕ್ಯಾರೊಲೈನಾದಲ್ಲಿ ನಿಮ್ಮ ಮಾವ ಕೋಳಿ ಪುಕ್ಕ ಕೀಳೋಕೆ ಜನ ಸಿಗ್ತಿಲ್ಲ ಅಂತಿದ್ದಾನೆ. ಈಗ ಏಳು, ನನಗೆ ಬೆವರು ಕಿತ್ಕೊಂಡು ಬರ್ತಿದೆ.”

ಆಕೆ ತೊಟ್ಟಿಯ ಬಿರಡೆ ಎಳೆದಳು. ಮೆತ್ತಗಾಗಿದ್ದ ಲೇಬಲ್ಲುಗಳು ನೀರಿನ ಜೊತೆ ಗುಳುಗುಳು ಎಂದು ಕೊಳವೆಯೊಳಗೆ ಇಳಿದು ಹೋದವು. ತಟ್ಟೆಗಳನ್ನು ಆಕೆ ಕಿಟಕಿಯಾಚೆಯ ಕಬ್ಬಿಣದ ಮೆಟ್ಟಿಲ ಮೇಲೆ, “ಬೇಗ ಒಣಗ್ಲಿ ಪಾಪ” ಎಂದು ಇಟ್ಟುಬಂದಳು. ಕರುಣಾಮಯಿ! ಲೂಷಿಯಸ್ ವೈರುಗಳನ್ನೆಲ್ಲ ಸುತ್ತಿಟ್ಟು ಹೋಗಿ ನೋಡುವಷ್ಟರಲ್ಲಿ, ನೆರಳಲ್ಲಿದ್ದ ತಟ್ಟೆ ಉಳಿದಿತ್ತು, ಬಿಸಿಲಲ್ಲಿದ್ದದ್ದು ಕರಿದ ಹಪ್ಪಳವಾಗಿತ್ತು.

ಒಂದೇ ಪ್ರತಿಯಲ್ಲಿ ಏನು ಗುಡುಗುವುದು? ಸಾಯಂಕಾಲದೊಳಗೆ ಇನ್ನೊಂದು ಬೇಕು. ಕೇಳೋಣವೆಂದರೆ ಹೆಸರು ಗೊತ್ತಿಲ್ಲ. ಉಳಿದ ತಟ್ಟೆಯನ್ನೇ ಅಂಗಡಿಗೆ ಒಯ್ದು ಕೇಳಿಸಬಹುದಿತ್ತು, ಆದರೆ ಶನಿವಾರ ಅಲ್ಲಿ ಜನ ಕಿಕ್ಕಿರಿದಿರುತ್ತಾರೆ, ಎಲ್ಲರ ಕಿವಿಗೂ ಬಿದ್ದೀತು. ಮಹಾ ಚಾಣಾಕ್ಷ ಲೂಷಿಯಸ್, ಅಂಗಡಿಯವನ ಕಿವಿಯಲ್ಲಿ ಮೆಲ್ಲಗೆ ಪಿಸುಗುಟ್ಟಿ ಕೆಲಸ ಮುಗಿಸುವುದೆಂದು ನಿಶ್ಚಯಿಸಿ, ಬರಿಗೈಯಲ್ಲಿ ಹೊರಟ.

ರೈಲು ಹಳಿಯ ಕೆಳಗಿತ್ತು ವೀಕ್ಸ್ ಯಜಮಾನರ ರೆಕಾರ್ಡು ಅಂಗಡಿ. ಲೂಷಿಯಸ್ ಗಲ್ಲಾದ ಮೇಲೆ ಬಗ್ಗಿ, “ಯಜಮಾನ್ರೇ, ಒಂದು ರೆಕಾರ್ಡು ಬೇಕಿತ್ತು. ಡುಂ... ಡುಡುಂ ಟಕ... ಹೀಗೆ ಬರುತ್ತೆ,” ಎಂದು ಉಸುರಿದ.

ತಲೆಯ ಮೇಲೆ ರೈಲು ಹೋಯಿತು. “ಏನಪ್ಪಾ? ಹೊಟ್ಟೆ ನೋವಾ?” ಎಂದರು ವೀಕ್ಸ್.

“ಡುಡುಂ ಟಕ!”

“ಗಟ್ಟಿಯಾಗಿ ಹೇಳು ಮಾರಾಯ, ಮಾತು ಕೇಳಿಸ್ತಿಲ್ಲ!”

ಲೂಷಿಯಸ್ ಗಲ್ಲಾ ಕುಟ್ಟಿದ. ಕಾಲು ನೆಲಕ್ಕೆ ಅಪ್ಪಳಿಸಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಷ್ಟದಲ್ಲಿರುವವನನ್ನು ಕೈಬಿಡುವ ಜನವೇ ಅಲ್ಲ ಅವರು. ಕೆಳಮಹಡಿಯ ಜಿನೀವಾ ತರಕಾರಿ ಚೀಲ ಕೆಳಗಿಟ್ಟು, “ಟಕ ಒಂದೋ ಎರಡೋ?” ಎಂದು ವಿಚಾರಣೆ ಶುರುಮಾಡಿದಳು. ಹಸಿರು ಟೋಪಿಯ ಹೆಕ್ಟರ್ ಎನ್ನುವವನು ತನ್ನೆರಡು ಕೈಯಲ್ಲೂ ಮೇಜು ಬಾರಿಸುತ್ತಾ, “ಹೀಗಾ ಅಣ್ಣ? ಇಲ್ಲಾ ಹೀಗಾ?” ಎಂದು ತುಂಬ ಕಾಳಜಿಯಿಂದ ಕೇಳಿದ.

“ಹಾಗಲ್ಲ, ಮಧ್ಯದಲ್ಲಿ ಒಂದು ಟಕ ಜಾಸ್ತಿ!”

“ಈಗ?”

“ಹಾಂ, ಅದೇ! ಅದೇ!” ಎಂದು ಲೂಷಿಯಸ್ ಖುಷಿಯಿಂದ ಕುಣಿದೇಬಿಟ್ಟ. ಈ ಹೆಕ್ಟರ್ ತನ್ನ ಎದುರಾಳಿಯ ಸ್ಪೀಕರ್ ಹೊರುವವನು ಎಂಬುದು ಆ ಸಂಭ್ರಮದಲ್ಲಿ ಅವನ ತಲೆಗೆ ಹೋಗಲೇ ಇಲ್ಲ.

ವೀಕ್ಸ್ ಒಂದೊಂದೇ ರೆಕಾರ್ಡು ಹಾಕಿ ಕೇಳಿಸಿದರು. ಅದಲ್ಲ, ಇದಲ್ಲ, ಇದು ನಿಧಾನ, ಅದರಲ್ಲಿ ಯಾರೋ ಅಳುತ್ತಾರೆ ಎಂದು ಜನ ತಲೆಗೊಂದು ಮಾತಾಡಿದರು. ಒಬ್ಬ ಬಾಸ್ ಗಿಟಾರಿನ ಪಾಲನ್ನು ಬಾಯಲ್ಲಿ ಹಿಡಿದ, ಇಬ್ಬರು ತುತ್ತೂರಿಯಾದರು. ಅರ್ಧ ಗಂಟೆಯಲ್ಲಿ ಅಂಗಡಿಗೆ ಅಂಗಡಿಯೇ ಲೂಷಿಯಸ್ಸನ ಗುಟ್ಟನ್ನು ಮೇಳಕಟ್ಟಿ ಹಾಡುತ್ತಿತ್ತು.

“ಅಯ್ಯೋ, ಇದು ನನ್ನ ತಂಗಿ ಮದುವೇಲಿ ಹಾಕಿದ್ದು ಕಣ್ರೋ!” ಎಂದು ಜಿನೀವಾ ಕಿರುಚಿದಳು. “ಮೆಂಫಿಸ್ಸಿನ ಅಣ್ಣತಮ್ಮಂದಿರದು. ಅಡುಗೆಮನೆ ಬಗ್ಗೆ ಏನೋ ಹಾಡು!”

“ಓ, ಅದಾ!” ವೀಕ್ಸ್ ನೆಲಮಾಳಿಗೆಗೆ ಇಳಿದು, ಧೂಳು ತುಂಬಿದ ಇಡೀ ಪೆಟ್ಟಿಗೆಯನ್ನೇ ಎಳೆದು ತಂದರು. “ಏಳು ವರ್ಷದಿಂದ ಒಬ್ಬನೂ ಕೇಳಿರ್ಲಿಲ್ಲ. ದೇವರು ದೊಡ್ಡವನು.”

ಇಷ್ಟು ಬೆವರು ಸುರಿಸಿ ಹುಡುಕಿದ ಮೇಲೆ ಬರಿಗೈಯಲ್ಲಿ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಎಲ್ಲರೂ ಮುಗಿಬಿದ್ದರು. ಸುಸ್ತಾಗಿ ಗೋಡೆಗೆ ಒರಗಿದ್ದ ಲೂಷಿಯಸ್ ಕೊನೆಗೆ ತನ್ನ ಒಂದು ಪ್ರತಿ ಕಂಕುಳಲ್ಲಿ ಅವುಚಿಕೊಂಡು ಮನೆಗೆ ಓಡಿದ. ಹೋದವನೇ ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿದು ಅದರ ಲೇಬಲ್ಲನ್ನೂ ಉಜ್ಜಿ ಕಿತ್ತ. ಎಚ್ಚರಿಕೆ ಎಂದರೆ ಎಚ್ಚರಿಕೆ.

ಸಾಯಂಕಾಲ ಐದಕ್ಕೆ ಪಾರ್ಕು ತುಂಬಿತ್ತು. ದೀಪದ ಕಂಬದಿಂದ ಕರೆಂಟು ಎಳೆದಾಗಿತ್ತು. ತೀರ್ಪು ಹೇಳಲು ಕ್ಷೌರದಂಗಡಿಯ ಪರ್ನೆಲ್ ತಾತ ಕುರ್ಚಿ ಹಾಕಿಕೊಂಡು ಕೂತಿದ್ದರು. ಕತ್ತಿನ ಹತ್ತಿರ ಕತ್ತಿ ಹಿಡಿಯುವವರ ಜೊತೆ ವಾದಕ್ಕಿಳಿಯುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಗೆದ್ದವನಿಗೆ ಬೇಸಿಗೆಯಿಡೀ ಪಾರ್ಕು. ಮುಂದಿನ ಸಾಲಿನಲ್ಲಿ ಅರ್ಲೀನ್ ದೊಡ್ಡಮ್ಮ ಹೂವಿನ ಟೋಪಿ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದಳು. ಎದುರಾಳಿ ಸೈರಸ್ ಬ್ರಾಡ್ನಾಕ್ಸ್, ಉರುಫ್ ‘ಡ್ಯೂಕ್’. ನಾಣ್ಯ ಚಿಮ್ಮಿದಾಗ ಮೊದಲ ಸರದಿ ಅವನಿಗೇ ಬಿತ್ತು.

ಡ್ಯೂಕ್ ಕೈ ಆಡಿಸಿದ. ಡುಂ... ಡುಡುಂ ಟಕಟಕ. ಜನ ಹೋ ಎಂದರು. ಹತ್ತು ನಿಮಿಷ ಧೂಳೆದ್ದಿತು. ಲೂಷಿಯಸ್ ತನ್ನ ರೆಕಾರ್ಡು ಪೆಟ್ಟಿಗೆಗೆ ಕೈ ಹಾಕಿ ತಡಕಾಡಿದ. ಬೇರೇನಾದರೂ ಹಾಕೋಣವೆಂದರೆ ಅವನು ತಂದಿದ್ದ ರೆಕಾರ್ಡುಗಳಿಗೆಲ್ಲ ಮೂರು ವಾರದಿಂದ ಅಭ್ಯಂಜನವಾಗಿತ್ತು. ಯಾವುದರಲ್ಲಿ ಏನಿದೆ ಎಂದು ಆ ಗಾಬರಿಯಲ್ಲಿ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಗೊತ್ತಿದ್ದ ಜೋಡಿ ಅದೊಂದೇ. ಅದನ್ನೇ ಹಾಕಿದ.

“ಏಯ್ ಕಳ್ಳ! ಈಗ ತಾನೇ ಅವನು ಹಾಕಿದ್ದಲ್ವೇನೋ ಅದು!” ಎಂದು ಜನ ಕೂಗಿದರು.

“ನಾನೇ ಮೊದಲು ಕಂಡುಹಿಡಿದಿದ್ದು! ಮೂರು ವಾರ ಆಯ್ತು! ದೇವರಾಣೆ!”

ಪರ್ನೆಲ್ ತಾತ ಇಬ್ಬರ ತಟ್ಟೆಗಳನ್ನೂ ತರಿಸಿಕೊಂಡು ಕನ್ನಡಕ ಏರಿಸಿದರು. “ಡ್ಯೂಕಿಂದು ನೋಡ್ರಪ್ಪ, ಲೇಬಲ್ಲು ಹೆಂಗೆ ಫಳಫಳ ಅಂತಿದೆ. ಇವನದು ಬೋಳು. ನಿನ್ನದೇ ಸ್ವಂತ ಮಾಲಾದ್ರೆ ಹೆಸರು ಯಾಕಪ್ಪ ಉಜ್ಜಿದೆ?”

“ತಾತ, ಎಲ್ರೂ ಉಜ್ಜಲ್ವಾ? ಡ್ಯೂಕ್ ಉಜ್ಜಲ್ವಾ?”

“ನನಗೆ ಮುಚ್ಚಿಡೋಕೆ ಏನಿದೆ ತಾತ?” ಎಂದ ಡ್ಯೂಕ್, ಹಾಲಿನಂಥ ಮುಖ ಮಾಡಿಕೊಂಡು. ಅವನಿಗೆ ಉಜ್ಜಲು ಸಮಯ ಸಿಕ್ಕಿರಲಿಲ್ಲ ಅಷ್ಟೆ.

“ವೀಕ್ಸ್ ಯಜಮಾನ್ರೇ, ನೀವಾದ್ರೂ ಹೇಳಿ!” ಎಂದು ಲೂಷಿಯಸ್ ಅಂಗಲಾಚಿದ.

ವೀಕ್ಸ್ ಸತ್ಯವಂತರು. ಎದ್ದು ನಿಂತು ಟೋಪಿ ತೆಗೆದರು. “ಪಾಪ, ಮಧ್ಯಾಹ್ನ ಬಂದಿದ್ದ. ಅದರ ಹೆಸರೂ ಅವನಿಗೆ ಗೊತ್ತಿರ್ಲಿಲ್ಲ. ನಾವೆಲ್ಲ ಸೇರಿ ಹುಡುಕಿ ಕೊಟ್ವಿ. ಹೆಕ್ಟರ್ ಬಂದು ಹಾಡಿನ ಹೆಸರು ಹೇಳಿ ಎರಡು ತಗೊಂಡು ಹೋದಾಗ, ಇವನಿನ್ನೂ ಗೋಡೆಗೆ ಒರಗಿದ್ದ.”

ಜನ ಬಿದ್ದು ಬಿದ್ದು ನಕ್ಕರು. ಆಗ ಅರ್ಲೀನ್ ದೊಡ್ಡಮ್ಮ ಬೀಸಣಿಗೆ ಮಡಚಿ ದಡಕ್ಕನೆ ಎದ್ದಳು. ಎಷ್ಟಾದರೂ ರಕ್ತಸಂಬಂಧ. ಲೂಷಿಯಸ್ಸನ ಕಣ್ಣು ತುಂಬಿ ಬಂತು.

“ಯಾರ್ರೀ ನನ್ನ ಮಗನ್ನ ಕಳ್ಳ ಅನ್ನೋರು?” ಎಂದು ಆಕೆ ಗರ್ಜಿಸಿದಳು. “ನಾನು ಸಾಕ್ಷಿ ಹೇಳ್ತೀನಿ! ಇವನು ಮೈಗಳ್ಳ ಅಲ್ಲ! ಮೂರು ವಾರದಿಂದ, ಹಗಲೂ ರಾತ್ರಿ, ನನ್ನ ಬಚ್ಚಲಲ್ಲಿ ಕೂತು ಕಂಡೋರ ರೆಕಾರ್ಡಿನ ಹೆಸರು ಅಳಿಸ್ತಾ ಇದ್ದಾನೆ! ಅಷ್ಟು ಕಷ್ಟ ಪಟ್ಟಿದ್ದಾನೆ ನನ್ನ ಕೂಸು!”

ಮರುಕ್ಷಣವೇ, ಕಳೆದ ವರ್ಷದಿಂದ ರೆಕಾರ್ಡು ಕಳೆದುಕೊಂಡಿದ್ದವರೆಲ್ಲ ಲೂಷಿಯಸ್ಸನ ಪೆಟ್ಟಿಗೆಯ ಸುತ್ತ ಮುತ್ತಿದರು. ಬೋಳು ತಟ್ಟೆಗಳು, ಯಾರದೆಂದರೆ ಅವರದು. “ಇದು ನಂದು!” “ಇದು ನಮ್ಮ ಅಣ್ಣಂದು!” ಎಂದು ಒಂದೊಂದಾಗಿ ಎತ್ತಿಕೊಂಡರು. ಜಿನೀವಾ ಎರಡು ಒಯ್ದಳು. ಪರ್ನೆಲ್ ತಾತ ತೀರ್ಪು ಹೇಳುವ ಹೊತ್ತಿಗೆ ಪೆಟ್ಟಿಗೆಯಲ್ಲಿ ತಳ ಕಾಣುತ್ತಿತ್ತು.

ಮನೆಯ ದಾರಿಯಲ್ಲಿ ದೊಡ್ಡಮ್ಮ ಅವನ ತೋಳು ಹಿಡಿದು, ಹೆಮ್ಮೆಯಿಂದ ಮೆಲ್ಲನೆ ನಡೆದಳು.

“ಸೋಮವಾರ ಬಸ್ಸಿಗೆ ತಿಂಡಿ ಕಟ್ಟಿಕೊಡ್ತೀನಿ, ಬೇಜಾರು ಮಾಡ್ಕೋಬೇಡ,” ಎಂದಳು. “ಆದ್ರೂ ನೋಡಿದ್ಯಾ ಲೂಷಿಯಸ್? ಇವತ್ತು ನಾನೊಬ್ಳು ಬಾಯಿ ಬಿಡದೇ ಇದ್ದಿದ್ರೆ ನಿನ್ನ ಗತಿ ಏನಾಗ್ತಿತ್ತು!”